ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಶಕ್ತಿ ಸಿಗುವ ಗಾಡಿ) ಮಾರುವ ಹೊತ್ತಿಗೆ

ಪ್ರಶ್ನೆ: ನನ್ನ ಬಳಿ 2012ರ ಮಾರುತಿ ಜಿಪ್ಸಿ ಇದೆ. ಕೆಎ-16 ನೋಂದಣಿ, ನಾನೇ ಮೊದಲ ಮಾಲೀಕ. ಕಳೆದ ಆರು ವರ್ಷಗಳಲ್ಲಿ ದೊಡ್ಡ ಟಯರು, ಎರಡು ಇಂಚಿನ ಲಿಫ್ಟ್ (ಗಾಡಿಯನ್ನು ಎತ್ತರಿಸುವುದು), ಕಬ್ಬಿಣದ ಬಂಪರ್, ವಿಂಚ್ (ಸಿಕ್ಕಿಕೊಂಡ ಗಾಡಿ ಎಳೆಯುವ ಯಂತ್ರ), ಸ್ನಾರ್ಕೆಲ್ (ಎಂಜಿನ್ನಿಗೆ ಎತ್ತರದಿಂದ ಗಾಳಿ ಒಯ್ಯುವ ಕೊಳವೆ), ಫೈಬರ್ ಹಾರ್ಡ್‌ಟಾಪ್, ಪವರ್ ಸ್ಟೀರಿಂಗ್ ಎಂದು ಸುಮಾರು ಮೂರು ಲಕ್ಷ ರೂಪಾಯಿ ಹಾಕಿದ್ದೇನೆ. ಈಗ ಮಾರಬೇಕಾಗಿದೆ. ನೋಡಲು ಬಂದವರೆಲ್ಲ ಸುತ್ತ ತಿರುಗಿ ಫೋಟೊ ತೆಗೆದುಕೊಳ್ಳುತ್ತಾರೆ, ದರದ ಮಾತು ಬಂದಾಗ ಮಾತ್ರ ಏನೂ ಮಾಡಿಸದ ಜಿಪ್ಸಿಗಿಂತ ಕಡಿಮೆ ಹೇಳುತ್ತಾರೆ. ಹಾಕಿದ ಹಣದಲ್ಲಿ ಅರ್ಧವಾದರೂ ಬರಬೇಡವೇ?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ, ಆದರೆ ನೋಡಲು ಬಂದವರು ಹೇಳಿದ ದರದಲ್ಲಿ ಮೋಸವಿಲ್ಲ. ನೀವು ಆರು ವರ್ಷ ಖರ್ಚು ಮಾಡಿದ್ದು ನಿಮ್ಮ ಇಷ್ಟಕ್ಕೆ, ನಿಮ್ಮ ದಾರಿಗೆ, ನಿಮ್ಮ ಕೈಗೆ ಒಗ್ಗುವಂತೆ. ಕೊಳ್ಳುವವನ ಇಷ್ಟ ಬೇರೆ, ಅವನ ದಾರಿಯೂ ಬೇರೆ. ಅವನ ಕಣ್ಣಿಗೆ ನಿಮ್ಮ ಒಂದೊಂದು ಬದಲಾವಣೆಯೂ ಒಂದೊಂದು ಅನುಮಾನವಾಗಿ ಕಾಣುತ್ತದೆ. ಇದನ್ನು ಯಾರು ಕಟ್ಟಿದರು, ಯಾಕೆ ಕಟ್ಟಿದರು, ಈ ಗಾಡಿ ಎಷ್ಟು ಹಳ್ಳ-ಕೊಳ್ಳ ಹತ್ತಿ ಇಳಿದಿದೆ, ಆರ್‌ಟಿಒ ಕಚೇರಿಯ ಅಂಗಳದಲ್ಲಿ ನಿಲ್ಲಿಸಿದರೆ ಇನ್‌ಸ್ಪೆಕ್ಟರು ಏನನ್ನುತ್ತಾರೆ ಎಂಬ ಅನುಮಾನಗಳಿಗೆಲ್ಲ ಅವನು ನಿಮ್ಮ ದರದಲ್ಲೇ ಬೆಲೆ ಕಟ್ಟಿ ಕಳೆಯುತ್ತಾನೆ.

ಜಿಪ್ಸಿಯ ವಿಷಯದಲ್ಲಿ ಇದು ಇನ್ನೂ ಹೆಚ್ಚು. 1985ರ ಡಿಸೆಂಬರಿನಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂದ ಈ ಗಾಡಿ 1996ರಲ್ಲಿ 1298 ಸಿಸಿಯ ಜಿಪ್ಸಿ ಕಿಂಗ್ ಆಯಿತು, 2019ರಲ್ಲಿ ಜನಸಾಮಾನ್ಯರಿಗೆ ಅದರ ಮಾರಾಟ ನಿಂತಿತು. 2023ರಲ್ಲಿ ಮಾರುತಿಯದೇ ಜಿಮ್ನಿ ಬಂದರೂ ಜಿಪ್ಸಿಯನ್ನು ಹುಡುಕುವವರು ಕಡಿಮೆಯಾಗಿಲ್ಲ. ಅವರಲ್ಲಿ ಬಹುಪಾಲು ಜನ ಹುಡುಕುವುದು ಯಾರೂ ಕೈ ಹಾಕದ ಜಿಪ್ಸಿಯನ್ನು, ತಮಗೆ ಬೇಕಾದ ಹಾಗೆ ತಾವೇ ಕಟ್ಟಿಕೊಳ್ಳಬಹುದೆಂಬ ಆಸೆಯಿಂದ. ಆದ್ದರಿಂದ ಕಂಪನಿಯಿಂದ ಬಂದ ಹಾಗೆಯೇ ಉಳಿದಿರುವ ಹಳೆಯ ಜಿಪ್ಸಿಗೆ ದರ ಏರುತ್ತದೆ, ಸಿಂಗರಿಸಿದ್ದಕ್ಕೆ ಇಳಿಯುತ್ತದೆ.

ಆದರೆ ಎಲ್ಲ ಬದಲಾವಣೆಗಳೂ ಒಂದೇ ಅಲ್ಲ. ಬೋಲ್ಟ್ ಬಿಚ್ಚಿದರೆ ಹೋಗುವಂಥದ್ದು ಒಂದು ಬಗೆ, ಕಟರ್ ಮುಟ್ಟಿದ್ದು ಮತ್ತು ವೆಲ್ಡಿಂಗ್ ಬಿದ್ದದ್ದು ಇನ್ನೊಂದು ಬಗೆ. ನಿಮ್ಮ ಪಟ್ಟಿಯಲ್ಲಿ ವಿಂಚ್, ಬಂಪರ್, ಟಯರು, ಹಾರ್ಡ್‌ಟಾಪ್ ಮೊದಲ ಬಗೆಯವು. ಸ್ನಾರ್ಕೆಲ್‌ಗಾಗಿ ಫೆಂಡರ್ ಕೊರೆದಿದ್ದರೆ, ದೊಡ್ಡ ಟಯರು ಉಜ್ಜುತ್ತದೆಂದು ಚಕ್ರದ ಕಮಾನನ್ನು ಕತ್ತರಿಸಿದ್ದರೆ, ಬಂಪರಿನ ಬ್ರಾಕೆಟ್ಟನ್ನು ಚಾಸಿಗೇ ಬೆಸೆದಿದ್ದರೆ ಅದು ಎರಡನೆಯ ಬಗೆ. ಮೊದಲನೆಯದರಿಂದ ಹಣ ಮರಳುವ ದಾರಿಯಿದೆ. ಎರಡನೆಯದು ಗಾಡಿಯ ದರದಿಂದಲೇ ಹಣ ತಿನ್ನುತ್ತದೆ, ಅದರಲ್ಲೂ ಚಾಸಿಯ ಮೇಲೆ ವೆಲ್ಡಿಂಗ್ ಗುರುತು ಕಂಡರೆ ಅನುಭವಸ್ಥ ಕೊಳ್ಳುವವನು ಚಹಾ ಕುಡಿದು ಎದ್ದು ಹೋಗುತ್ತಾನೆ.

ಈಗ ಅವನ ಕಣ್ಣಿನಿಂದ ನಿಮ್ಮ ಗಾಡಿಯನ್ನು ಒಮ್ಮೆ ನೋಡಿ. ಟಯರಿನಿಂದ ಶುರು ಮಾಡೋಣ. ಕಂಪನಿಯ 205/70 ಆರ್15 ಟಯರಿನ ವ್ಯಾಸ ಲೆಕ್ಕದಲ್ಲಿ 668 ಮಿಲಿಮೀಟರ್. ಜಿಪ್ಸಿಗೆ ಸಾಮಾನ್ಯವಾಗಿ ಹಾಕಿಸುವ 235/75 ಆರ್15 ಟಯರಿನದು ಸುಮಾರು 733. ಅಂದರೆ ಹೆಚ್ಚುಕಡಿಮೆ ಶೇಕಡ 10 ದೊಡ್ಡದು. ಮೀಟರು ಗಂಟೆಗೆ 60 ಕಿಲೋಮೀಟರ್ ತೋರಿಸುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ, ದೂರದ ಲೆಕ್ಕವೂ ಅದೇ ಪ್ರಮಾಣದಲ್ಲಿ ಕಡಿಮೆ ದಾಖಲಾಗಿರುತ್ತದೆ. ಆರು ವರ್ಷದಲ್ಲಿ ಮೀಟರು 50 ಸಾವಿರ ತೋರಿಸಿದ್ದರೆ ಚಕ್ರ ಉರುಳಿದ್ದು ಸುಮಾರು 55 ಸಾವಿರ. ಇದನ್ನು ತಿಳಿದವನು ಕೇಳಿಯೇ ಕೇಳುತ್ತಾನೆ, ನೀವಾಗಿಯೇ ಮೊದಲು ಹೇಳಿಬಿಟ್ಟರೆ ನಂಬಿಕೆ ಉಳಿಯುತ್ತದೆ.

ಆಮೇಲೆ ಅವನು ಮಂಡಿಯೂರಿ ಮುಂದಿನ ಚಕ್ರದ ಒಳಮಗ್ಗುಲಿಗೆ ಬೆರಳು ಹಾಕುತ್ತಾನೆ. ಭಾರದ ಟಯರು ಹಾಕಿದ ಜಿಪ್ಸಿಯಲ್ಲಿ, ಮುಂದಿನ ಚಕ್ರ ಎಡಬಲ ತಿರುಗಲು ಆಸರೆಯಾದ ಕಿಂಗ್‌ಪಿನ್ ಬೇರಿಂಗು ಬೇಗ ಸವೆಯುತ್ತದೆ. ಸೀಲು ಸೋತಾಗ ಆಕ್ಸಲ್ಲಿನ ಎಣ್ಣೆ ಒಳಗಿನ ಗ್ರೀಸಿನೊಂದಿಗೆ ಬೆರೆತು, ಕಪ್ಪು ಪಾಯಸದಂತೆ ತೆಳ್ಳಗಾಗಿ, ಆಕ್ಸಲ್ ತುದಿಯ ಉಕ್ಕಿನ ಗುಂಡಿನ ಕೆಳಗಿಂದ ಟಯರಿನ ಒಳಗೋಡೆಗೆ ಇಳಿದಿರುತ್ತದೆ. ಆ ಜಿಡ್ಡು ಬೆರಳಿಗೆ ಅಂಟಿತೆಂದರೆ ನಿಮ್ಮ ದರ ಅಲ್ಲಿಯೇ ಇಳಿಯಿತು. ಲಿಫ್ಟನ್ನು ಹೊಸ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಮತ್ತು ಹೊಂದುವ ಶಾಕ್ ಅಬ್ಸಾರ್ಬರ್ ಹಾಕಿ ಮಾಡಿಸಿದ್ದೀರೋ, ಇಲ್ಲವೇ ಉದ್ದನೆಯ ಶಾಕಲ್ (ಪಟ್ಟಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿ ಅಗ್ಗದಲ್ಲಿ ಎತ್ತಿಸಿದ್ದೀರೋ ಎಂಬುದು ಅವನ ಮುಂದಿನ ಪ್ರಶ್ನೆ. ಉದ್ದ ಶಾಕಲ್ಲಿನಿಂದ ಆಕ್ಸಲ್ ಕೋನ ಬದಲಾಗುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟಿಗೆ ಹೊರೆ ಬೀಳುತ್ತದೆ, ಹೆದ್ದಾರಿಯಲ್ಲಿ ಸ್ಟೀರಿಂಗ್ ನಡುಗುತ್ತದೆ. ಹಿರಿಯೂರಿನವರೆಗೆ ಒಮ್ಮೆ ಓಡಿಸಿ ನೋಡಿದರೆ ಇದು ಯಾರಿಗೂ ತಿಳಿಯುತ್ತದೆ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ, ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ, ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಬದಲಾವಣೆಗೆ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಆಗಬಹುದು. ನಿಮ್ಮ ಕಬ್ಬಿಣದ ಬಂಪರಿನ ವಿಷಯ ಬೇರೆಯೇ ಇದೆ. ಇಂಥ ಕ್ರ್ಯಾಶ್ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ತಿಳಿಸಿತ್ತು, ಏಕೆಂದರೆ ಅವು ಪಾದಚಾರಿಗೆ ಅಪಾಯ, ಗಾಡಿಯೊಳಗಿನವರಿಗೂ ಅಪಾಯ.

ನಿಮ್ಮ ಗಾಡಿಯ ವಯಸ್ಸಿನಲ್ಲಿ ಈ ಮಾತಿಗೆ ತೂಕ ಹೆಚ್ಚು. 2012ರ ಗಾಡಿಯ 15 ವರ್ಷದ ನೋಂದಣಿ 2027ರಲ್ಲಿ ಮುಗಿಯುತ್ತದೆ. ನವೀಕರಣಕ್ಕೆ ಫಾರಂ 25 ಸಲ್ಲಿಸಿ, ಗಾಡಿಯನ್ನು ತಪಾಸಣೆಗೆ ಒಯ್ದು, ಹಸಿರು ತೆರಿಗೆ ಕಟ್ಟಿ, ಮುಂದಿನ ಐದು ವರ್ಷಕ್ಕೆ ಅವಧಿ ಪಡೆಯಬೇಕು. ಕಾರಿನ ವರ್ಗಕ್ಕೆ 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲಿನಿಂದ 5,000 ಆಗಿದೆ. ಶುಲ್ಕ ದೊಡ್ಡ ಮಾತಲ್ಲ. ತಪಾಸಣೆಯ ದಿನ ಗಾಡಿ ಆರ್‌ಸಿಗೆ (ನೋಂದಣಿ ಪತ್ರಕ್ಕೆ) ಹೊಂದಬೇಕು, ಆ ಹೊರೆ ಕೊಳ್ಳುವವನ ಹೆಗಲಿಗೆ ಬೀಳುತ್ತದೆ ಎಂಬುದೇ ದೊಡ್ಡ ಮಾತು. ನೀವು ಅದನ್ನು ಅವನ ಹೆಗಲಿನಿಂದ ಇಳಿಸಿದರೆ ದರ ತಾನಾಗಿ ಮೇಲೇಳುತ್ತದೆ.

ಹಾಗಾಗಿ ನನ್ನ ಸಲಹೆ ಇದು: ಗಾಡಿಯನ್ನು ಮೂಲ ಸ್ಥಿತಿಗೆ ತಂದು ಮಾರಿ, ತೆಗೆದ ಸಾಮಾನನ್ನು ಬೇರೆಯಾಗಿ ಮಾರಿ. ಕೆಲಸ ಮಾಡುವ ವಿಂಚಿಗೆ, ಅರ್ಧಕ್ಕಿಂತ ಹೆಚ್ಚು ಗೀರು ಉಳಿದಿರುವ ಟಯರುಗಳಿಗೆ, ಬಿರುಕಿಲ್ಲದ ಹಾರ್ಡ್‌ಟಾಪಿಗೆ ಕೊಳ್ಳುವವರು ಬೆಂಗಳೂರು, ಶಿವಮೊಗ್ಗ, ಚಿಕ್ಕಮಗಳೂರು ಕಡೆ ಸುಲಭವಾಗಿ ಸಿಗುತ್ತಾರೆ. ಗಾಡಿಯ ಮೇಲೆ ಇದ್ದಾಗ ಸೊನ್ನೆಯೆನಿಸಿಕೊಂಡ ವಿಂಚ್, ನೆಲದ ಮೇಲಿಟ್ಟರೆ ವಿಂಚಿನ ಬೆಲೆಯನ್ನೇ ತರುತ್ತದೆ. ಪವರ್ ಸ್ಟೀರಿಂಗ್ ಮಾತ್ರ ಬಿಚ್ಚಬೇಡಿ. ಅದು ಅಚ್ಚುಕಟ್ಟಾಗಿ ಕೂತಿದ್ದು, ಎಣ್ಣೆ ಸೋರದೆ, ಬಿಲ್ಲು ಜೊತೆಗಿದ್ದರೆ ಪೇಟೆಯಲ್ಲಿ ಓಡಿಸುವವರು ಅದನ್ನು ಮೆಚ್ಚಿ ಕೊಳ್ಳುತ್ತಾರೆ. ಮ್ಯೂಸಿಕ್ ಸಿಸ್ಟಮ್, ಸ್ಟಿಕ್ಕರ್, ಸೀಟ್ ಕವರುಗಳಿಗೆ ಯಾರೂ ಒಂದು ರೂಪಾಯಿಯನ್ನೂ ಹೆಚ್ಚು ಕೊಡುವುದಿಲ್ಲ.

ಇದೆಲ್ಲ ಸಾಧ್ಯವಾಗುವುದು ನೀವು ಮೂಲ ಬಿಡಿಭಾಗಗಳನ್ನು ಇಟ್ಟುಕೊಂಡಿದ್ದರೆ ಮಾತ್ರ. ಮೂಲ ಚಕ್ರಗಳು, ಬಂಪರ್, ಕಮಾನು ಪಟ್ಟಿ, ಕ್ಯಾನ್ವಾಸ್ ಟಾಪು ಮತ್ತು ಅದರ ಕಂಬಿಗಳು ಮನೆಯ ಅಟ್ಟದಲ್ಲೋ ತೋಟದ ಶೆಡ್ಡಿನಲ್ಲೋ ಇವೆಯೇ ಎಂದು ಇವತ್ತೇ ನೋಡಿ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನ್ನ ಜೀಪಿಗೆ ಅಗಲ ಚಕ್ರ ಹಾಕಿಸಿದ ದಿನ ಮೂಲ ಉಕ್ಕಿನ ಚಕ್ರಗಳನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಕೊಟ್ಟಿದ್ದೆ. ಮಾರುವ ಕಾಲಕ್ಕೆ ಅದೇ ಐದು ಚಕ್ರಗಳನ್ನು ಹುಡುಕಿಕೊಂಡು ದಾವಣಗೆರೆಯ ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ತಿರುಗಿದೆ. ನಾಲ್ಕು ಸಿಕ್ಕವು, ಐದನೆಯದು ಸಿಗಲಿಲ್ಲ. ಆ ಒಂದು ಸ್ಟೆಪ್ನಿ ಚಕ್ರದ ಹೆಸರಿನಲ್ಲಿ ಕೊಳ್ಳುವವನು ಇಳಿಸಿದ ಮೊತ್ತವು ಗುಜರಿಯವನು ಐದಕ್ಕೂ ಸೇರಿಸಿ ಕೊಟ್ಟದ್ದರ ಎಷ್ಟೋ ಪಟ್ಟು ಆಗಿತ್ತು.

ನಿಮ್ಮ ಪರವಾಗಿ ಒಂದು ದೊಡ್ಡ ಅಂಶವಿದೆ, ಪತ್ರದಲ್ಲಿ ನೀವು ಅದನ್ನು ಬರೆದೇ ಇಲ್ಲ: ಗಾಡಿ ಚಿತ್ರದುರ್ಗದ್ದು. ಮಳೆ ಕಡಿಮೆಯಿರುವ, ಒಣಗಾಳಿಯ ಈ ಬಯಲುಸೀಮೆಯಲ್ಲಿ ಹದಿಮೂರು ವರ್ಷ ಓಡಿದ ಗಾಡಿಯ ತಗಡು, ಕರಾವಳಿಯ ಉಪ್ಪುಗಾಳಿ ಅಥವಾ ಮಲೆನಾಡಿನ ಮಳೆ ಕಂಡ ಗಾಡಿಗಿಂತ ಎಷ್ಟೋ ಗಟ್ಟಿಯಾಗಿರುತ್ತದೆ. ಮ್ಯಾಟ್ ಎತ್ತಿ ನೆಲದ ತಗಡನ್ನು, ಹಿಂದಿನ ಚಕ್ರದ ಮೇಲಿನ ಮೂಲೆಗಳನ್ನು, ವಿಂಡ್‌ಸ್ಕ್ರೀನ್ ಚೌಕಟ್ಟಿನ ಬುಡವನ್ನು ಹತ್ತಿರದಿಂದ ಫೋಟೊ ತೆಗೆದು ಕೊಳ್ಳುವವರಿಗೆ ಕಳಿಸಿ. ಮಾರುವ ಮುನ್ನ ಅಡಿಭಾಗಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಮಾತ್ರ ಹೊಡೆಸಬೇಡಿ. ತುಕ್ಕು ಮುಚ್ಚಿದ್ದಾರೆ ಎಂದೇ ಎಲ್ಲರೂ ತಿಳಿಯುತ್ತಾರೆ.

ಪ್ರಶ್ನೆ: 2014ರ ಮಹೀಂದ್ರ ಥಾರ್ ಸಿಆರ್‌ಡಿಇ ಗಾಡಿಯೊಂದನ್ನು ನೋಡಿದ್ದೇನೆ. ಹಾರ್ಡ್‌ಟಾಪ್, ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟುಗಳು, ಎತ್ತರಿಸಿದ ಸಸ್ಪೆನ್ಷನ್ ಇವೆ, ಎಂಜಿನ್ನಿಗೆ ರೀಮ್ಯಾಪ್ (ಹೆಚ್ಚು ಶಕ್ತಿಗಾಗಿ ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಕೂಡ ಮಾಡಿಸಿದ್ದಾರಂತೆ. ಇದೆಲ್ಲದಕ್ಕೆ ಸೇರಿಸಿ ಒಂದೂವರೆ ಲಕ್ಷ ಹೆಚ್ಚು ಕೇಳುತ್ತಿದ್ದಾರೆ. ಕೊಡಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಕೊಡಬೇಡಿ. ಮೂಲ ಸ್ಥಿತಿಯ ಥಾರಿಗೆ ಕೊಡುವ ದರದಿಂದ ಮಾತು ಶುರುಮಾಡಿ ಕೆಳಕ್ಕೆ ಬನ್ನಿ, ಮೇಲಕ್ಕೆ ಹೋಗಬೇಡಿ.

2010ರಲ್ಲಿ ಬಂದ ಆ ಹಳೆಯ ಥಾರಿನ ಸಿಆರ್‌ಡಿಇ ಮಾದರಿ 2498 ಸಿಸಿ ಡೀಸೆಲ್ ಎಂಜಿನ್ನಿನದು, ಕ್ಯಾನ್ವಾಸ್ ಹೊದಿಕೆಯೊಂದಿಗೆ ಕಾರ್ಖಾನೆಯಿಂದ ಬರುತ್ತಿತ್ತು. ಕಾರ್ಖಾನೆಯದೇ ಹಾರ್ಡ್‌ಟಾಪ್ ಬಂದದ್ದು 2020ರ ಹೊಸ ಥಾರಿನಲ್ಲಿ. ಹಾಗಾಗಿ ನೀವು ನೋಡಿದ ಟಾಪು ಹೊರಗೆ ಕಟ್ಟಿಸಿದ್ದು. ಅದು ಮಳೆಗೆ ಸೋರುವುದೇ ಎಂದು ನೋಡಲು ಮಳೆಗಾಲ ಕಾಯಬೇಕಿಲ್ಲ. ಪೈಪಿನಲ್ಲಿ ಹತ್ತು ನಿಮಿಷ ನೀರು ಹಾಯಿಸಿ ಒಳಗೆ ಕೂತು ನೋಡಿ. ದಾವಣಗೆರೆಯ ಬಿಸಿಲಿನಲ್ಲಿ ಹಾರ್ಡ್‌ಟಾಪು ಅನುಕೂಲವೇ ಹೌದು, ಅದಕ್ಕೆ ಸ್ವಲ್ಪ ಕೊಟ್ಟರೆ ತಪ್ಪೆನ್ನಲಾರೆ. ಆದರೆ ಮೂಲ ಕ್ಯಾನ್ವಾಸು ಮತ್ತು ಅದರ ಚೌಕಟ್ಟನ್ನೂ ಕೊಡುವುದಾದರೆ ಮಾತ್ರ.

ಸೀಟಿನ ವಿಷಯದಲ್ಲಿ ನನಗೆ ಹೆಚ್ಚು ಆತಂಕವಿದೆ. ಎದುರುಬದುರಾಗಿದ್ದ ಅಡ್ಡಸೀಟು ತೆಗೆದು ಮುಂದಕ್ಕೆ ಮುಖ ಮಾಡಿದ ಸೀಟು ಹಾಕಿದಾಗ ಆರ್‌ಸಿಯಲ್ಲಿರುವ ಆಸನಗಳ ಸಂಖ್ಯೆ ಗಾಡಿಗೆ ತಾಳೆಯಾಗದೆ ಹೋಗಬಹುದು. ಅದಕ್ಕಿಂತ ಮುಖ್ಯವಾಗಿ, ಆ ಸೀಟಿನ ಬೋಲ್ಟುಗಳು ಎಲ್ಲಿ ಕೂತಿವೆ ಎಂದು ಕೆಳಗಿನಿಂದ ಬಗ್ಗಿ ನೋಡಿ. ಬರೀ ತೆಳು ತಗಡಿಗೆ ತೂತು ಹೊಡೆದು ಸಣ್ಣ ವಾಷರ್ ಹಾಕಿ ಬಿಗಿದಿದ್ದರೆ ಅಪಘಾತದಲ್ಲಿ ಸೀಟು ಮನುಷ್ಯನ ಸಮೇತ ಕಿತ್ತು ಬರುತ್ತದೆ. ನೀವು ಅಲ್ಲಿ ಮಕ್ಕಳನ್ನು ಕೂರಿಸುವವರು. ಅಂಥ ಗಾಡಿ ಎಷ್ಟು ಅಗ್ಗಕ್ಕೆ ಬಂದರೂ ಬೇಡವೆನ್ನಿ.

ಈ ಥಾರಿನ ಮುಂಭಾಗದಲ್ಲಿ ಕಮಾನು ಪಟ್ಟಿಯಿಲ್ಲ, ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಉಕ್ಕಿನ ಸರಳು) ಇದೆ. ಅದರ ಬೋಲ್ಟು ಬಿಗಿದೇ ಮುಂಭಾಗವನ್ನು ಎತ್ತರಿಸುವ ಅಭ್ಯಾಸ ಹಲವು ಕಡೆ ಇದೆ. ಹಾಗೆ ಎತ್ತಿದಾಗ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟುಗಳು ಕಡಿದಾದ ಕೋನದಲ್ಲಿ ತಿರುಗುತ್ತವೆ, ಅವುಗಳ ರಬ್ಬರ್ ಬೂಟು ಹರಿಯುತ್ತದೆ, ಗ್ರೀಸು ಹೊರಗೆ ಚಿಮ್ಮಿ ದೂಳು ಒಳಗೆ ಸೇರುತ್ತದೆ. ಖಾಲಿ ಮೈದಾನದಲ್ಲಿ ಫೋರ್ ಬೈ ಫೋರ್ ಹಾಕಿ, ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಮಣ್ಣಿನ ಮೇಲೆ ನಿಧಾನ ಚಲಿಸಿ ನೋಡಿ. ಕಟಕಟ ಶಬ್ದ ಕೇಳಿದರೆ ಆ ಖರ್ಚನ್ನು ದರದಲ್ಲಿ ಕಳೆಯಿರಿ.

ರೀಮ್ಯಾಪಿಗೆ ನಾನು ಹಣ ಕೊಡುವುದಿಲ್ಲ, ಬದಲಿಗೆ ಕಳೆಯುತ್ತೇನೆ. ಹೆಚ್ಚಿನ ಶಕ್ತಿಯ ಹೊರೆ ಕ್ಲಚ್ಚು, ಟರ್ಬೊ, ಗೇರ್‌ಬಾಕ್ಸುಗಳ ಮೇಲೆ ಎಷ್ಟು ವರ್ಷ ಬಿದ್ದಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಹಾಗೆಯೇ ಕಾರ್ಪೆಟ್ಟಿನ ಕೆಳಗೆ ನಯವಾದ ಕೆಂಪು ಮಣ್ಣು ಗಟ್ಟಿಯಾಗಿ ಕೂತಿದ್ದರೆ ಗಾಡಿ ಗಣಿಯ ದಾರಿಯಲ್ಲಿ ದುಡಿದಿದೆಯೇ ಎಂದು ನೇರವಾಗಿ ಕೇಳಿ.

ವಿಮೆಯ ಬಗ್ಗೆಯೂ ಎಚ್ಚರವಿರಲಿ. ಹೊರಗೆ ಹಾಕಿಸಿದ ಉಪಕರಣಗಳನ್ನು ಕಂಪನಿಗೆ ತಿಳಿಸಿ ಹೆಚ್ಚುವರಿ ಪ್ರೀಮಿಯಂ ಕಟ್ಟಿರದಿದ್ದರೆ ಅವುಗಳಿಗೆ ಪರಿಹಾರ ಬರುವುದಿಲ್ಲ. ಐದು ವರ್ಷ ದಾಟಿದ ಗಾಡಿಯ ವಿಮಾ ಮೌಲ್ಯವನ್ನು ಮಾಲೀಕ ಮತ್ತು ಕಂಪನಿ ಮಾತಾಡಿಕೊಂಡು ನಿಗದಿ ಮಾಡುವುದರಿಂದ, ನೀವು ಹೆಚ್ಚು ಕೊಟ್ಟ ಒಂದೂವರೆ ಲಕ್ಷ ಅಲ್ಲಿ ತಾನಾಗಿ ಸೇರಿಕೊಳ್ಳುವುದಿಲ್ಲ. ಕೊಂಡ 14 ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಪ್ರಶ್ನೆ: ನಮ್ಮ ತಂದೆಯವರ ಕಾಲದ ಮಹೀಂದ್ರ ಎಂಎಂ 540 ಜೀಪಿಗೆ ಆಲಿವ್ ಗ್ರೀನ್ ಬಣ್ಣ ಹೊಡೆಸಿ ಮಾರಿದರೆ ಮಿಲಿಟರಿ ಜೀಪಿನ ಕಳೆ ಬಂದು ಹೆಚ್ಚು ದರ ಸಿಗುತ್ತದೆ ಎಂದು ಪರಿಚಯದವರು ಹೇಳುತ್ತಾರೆ. ಹೌದೇ?
— ಓದುಗರೊಬ್ಬರು, ಹರಿಹರ

ಉತ್ತರ: ದಯವಿಟ್ಟು ಹೊಡೆಸಬೇಡಿ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು. ಬೇರೆ ಯಾವ ಬಣ್ಣಕ್ಕೆ ಬದಲಿಸಿದರೂ ಆರ್‌ಸಿಯಲ್ಲಿ ನಮೂದಾಗಬೇಕು. ಹಳೆಯ ಬಣ್ಣ ಮಾಸಿದ್ದರೂ ಅದೇ ಇರಲಿ, ತೊಳೆದು ಒರೆಸಿ ತೋರಿಸಿ. ಹಳೆಯ ಜೀಪಿನಲ್ಲಿ ಹೊಸ ಬಣ್ಣ ಕಂಡರೆ ಒಳಗೆ ಎಷ್ಟು ಪುಟ್ಟಿ ತುಂಬಿದ್ದಾರೋ ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ.

ಪ್ರಶ್ನೆ: ಅಡಿಕೆ ತೋಟದ ಕೆಲಸಕ್ಕೆ ಬಳಸುತ್ತಿರುವ 1990ರ ದಶಕದ ಡೀಸೆಲ್ ಜೀಪು ನಮ್ಮಲ್ಲಿದೆ. ಮೂಲ 2112 ಸಿಸಿ ಪ್ಯೂಜೊ ಎಂಜಿನ್ ಕೆಟ್ಟಾಗ ಅಣ್ಣ ಬೇರೆ ಜೀಪಿನ ಎಂಜಿನ್ ಹಾಕಿಸಿದ್ದ. ಗಾಡಿ ಚೆನ್ನಾಗಿ ಓಡುತ್ತದೆ. ಆರ್‌ಸಿಯಲ್ಲಿ ಹಳೆಯ ಎಂಜಿನ್ ನಂಬರೇ ಇದೆ. ಮಾರಬಹುದೇ, ಏನು ದರ ಹೇಳಬೇಕು?
— ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಸದ್ಯದ ಸ್ಥಿತಿಯಲ್ಲಿ ನೀವು ಮಾರಬಲ್ಲದ್ದು ಬಿಡಿಭಾಗಗಳ ಒಂದು ಗುಡ್ಡೆಯನ್ನು ಮಾತ್ರ, ಜೀಪನ್ನಲ್ಲ. ಓಡುವ ಗಾಡಿಯನ್ನು ಹೀಗೆ ಕರೆಯುವುದು ನನಗೂ ಕಷ್ಟ, ಆದರೆ ಎಂಜಿನ್ ಬದಲಾವಣೆಯು ಬಂಪರ್, ಟಯರುಗಳ ಸಾಲಿಗೆ ಸೇರುವುದಿಲ್ಲ. ಅದಕ್ಕೆ ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು. ಒಪ್ಪಿಗೆಯಿಲ್ಲದೆ ಬದಲಿಸಿದ್ದರೆ 14 ದಿನದೊಳಗೆ ವರದಿ ಮಾಡಿ ಆರ್‌ಸಿಯಲ್ಲಿ ಬರೆಸಬೇಕಿತ್ತು. ಕೊಳ್ಳುವವನು ಫಾರಂ 29 ಮತ್ತು 30 ಹಿಡಿದು ಹೆಸರು ವರ್ಗಾವಣೆಗೆ ಹೋದ ದಿನ ಗಾಡಿಯ ತಪಾಸಣೆ ನಡೆದರೆ ನಂಬರು ತಾಳೆಯಾಗದೆ ಕಾಗದ ವಾಪಸು ಬರುತ್ತದೆ. ಕಾಗದಕ್ಕಿಂತ ಕೆಟ್ಟದ್ದೂ ಆಗಬಹುದು, ಏಕೆಂದರೆ ಆ ಎಂಜಿನ್ ಬಂದ ಇನ್ನೊಂದು ಜೀಪು ಕಳವಿನದಾಗಿದ್ದರೆ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮ ಮನೆಗೇ.

ಮೊದಲು ಚಾಸಿ ನಂಬರನ್ನು ನೋಡಿ. ಸೀಮೆಎಣ್ಣೆ ಬಟ್ಟೆಯಿಂದ ಜಿಡ್ಡು ಒರೆಸಿ, ನಂಬರಿನ ಮೇಲೆ ತೆಳು ಕಾಗದ ಒತ್ತಿ ಹಿಡಿದು, ಪೆನ್ಸಿಲನ್ನು ಮಲಗಿಸಿ ಮೆಲ್ಲಗೆ ಉಜ್ಜಿದರೆ ಅಂಕಿಗಳು ಒಂದೊಂದಾಗಿ ಬಿಳಿಯಾಗಿ ಮೂಡುತ್ತವೆ. ಅಂಕಿಗಳ ನಡುವಿನ ಅಂತರ ಸಮವಾಗಿದ್ದು, ಅಕ್ಕಪಕ್ಕ ಗ್ರೈಂಡರಿನ ಗೀರು ಮೂಡದೆ ಇದ್ದರೆ ನಿಮ್ಮ ಜೀಪಿನ ಬೇರು ಗಟ್ಟಿ ಇದೆ ಎಂದರ್ಥ. ಹಳೆಯ ಜೀಪಿನಲ್ಲಿ ನಿಜವಾದ ಆಸ್ತಿ ಅದೇ ಚಾಸಿ, ಅದೇ ಆರ್‌ಸಿ.

ಆಮೇಲೆ ಎಂಜಿನ್ ಮಾರಿದವರ ರಸೀದಿ ಇದೆಯೇ ಹುಡುಕಿ. ಅಣ್ಣನವರನ್ನೂ ಕೆಲಸ ಮಾಡಿದ ಮೇಸ್ತ್ರಿಯನ್ನೂ ಕೇಳಿ. ಯಾವ ಜೀಪಿನ ಎಂಜಿನ್, ಆ ಜೀಪಿನ ಆರ್‌ಸಿಯ ನಕಲು ಸಿಗುತ್ತದೆಯೇ ಎಂದು ತಿಳಿದುಕೊಂಡು, ದಲ್ಲಾಳಿಯ ಮೂಲಕ ಹೋಗದೆ, ನೀವೇ ಚಿತ್ರದುರ್ಗದ ಸಾರಿಗೆ ಕಚೇರಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಲಿಖಿತವಾಗಿ ಹೇಳಿ. ದಂಡ ಬೀಳಬಹುದು, ಕಟ್ಟಿಬಿಡಿ. ಬದಲಾವಣೆಗೆ ಒಪ್ಪಿಗೆ ಸಿಕ್ಕಿ ಆರ್‌ಸಿಯಲ್ಲಿ ನಂಬರು ಏರಿದರೆ, ನೋಂದಣಿ ನವೀಕರಣವೂ ಚಾಲ್ತಿಯಲ್ಲಿದ್ದರೆ, ನೀವು ಹೇಳಿದ ದರಕ್ಕೆ ಬಾಗಿಲಿಗೆ ಬಂದು ಕೊಳ್ಳುವವರು ಸಿಗುತ್ತಾರೆ. ಒಪ್ಪಿಗೆ ಸಿಗದಿದ್ದರೆ ಮೂಲ ಎಂಜಿನ್ನನ್ನು ರಿಪೇರಿ ಮಾಡಿಸಿ ಮತ್ತೆ ಕೂರಿಸುವ ದಾರಿ ಉಳಿಯುತ್ತದೆ. ಆ ಹಳೆಯ ಪ್ಯೂಜೊ ಎಂಜಿನ್ನಿನ ಬ್ಲಾಕು ತೋಟದ ಮನೆಯ ಹಿಂದೆ ಇನ್ನೂ ಬಿದ್ದಿರಬಹುದು. ನಂಬರು ಕೆತ್ತಿರುವುದು ಅದರ ಮೇಲೆಯೇ. ಯಾರಾದರೂ ಗುಜರಿಗೆ ಹಾಕುವ ಮುಂಚೆ ಅದನ್ನು ಒಳಗೆ ತಂದಿಡಿ.